ಅದು ಫೋಟೊ ಅಲ್ಲ ಸ್ವಾಮಿ!

ನಮ್ಮ ಗ್ಯಾಲಕ್ಸಿಯ ಸುರುಳಿ ಚಿತ್ರ ಹಾಕಿ, ಬಾಣದ ಗುರುತಿಟ್ಟು, "ನಾವಿರೋದು ಇಲ್ಲಿ" ಅಂತ ಬರೆದು ಅದನ್ನ ಫೋಟೊ ಅಂತೀರಲ್ಲ, ನನಗೆ ಮೈ ಉರಿಯುತ್ತೆ. ಹಜಾರದಲ್ಲಿ ಕೂತು ಇಡೀ ಮನೆಯ ಫೋಟೊ ತೆಗೆಯೋಕಾಗುತ್ತಾ? ಅದು ಕಲಾವಿದರು ಬಿಡಿಸಿದ್ದು, ಮಾರಾಯ್ರೆ!

ಅದಕ್ಕೊಂದು ಮುಖ್ಯ ಆಧಾರ ರೇಡಿಯೊ. ಹೈಡ್ರೋಜನ್ ಅನಿಲ 21 ಸೆಂ.ಮೀ. ಅಲೆ ಸೂಸುತ್ತೆ ಅಂತ 1944ರಲ್ಲೇ ವಾನ್ ಡೆ ಹುಲ್ಸ್ಟ್ ಹೇಳಿದ್ದರು. 1951ರಲ್ಲಿ ಹಾರ್ವರ್ಡ್‌ನಲ್ಲಿ ಯೂಯೆನ್, ಪರ್ಸೆಲ್ ಅದನ್ನ ಹಿಡಿದರು. ಧೂಳು ಅದಕ್ಕೆ ಅಡ್ಡ ಬರಲ್ಲ. ಅನಿಲ ನಮ್ಮತ್ತ ಬಂದರೆ ಅಲೆ ಕುಗ್ಗುತ್ತೆ, ದೂರ ಹೋದರೆ ಹಿಗ್ಗುತ್ತೆ. ವೇಗ ಸಿಕ್ಕಿತು. ಆದರೆ ಎಷ್ಟು ದೂರದಲ್ಲಿದೆ? ಅನಿಲ ವೃತ್ತದಲ್ಲೇ ಸುತ್ತುತ್ತೆ ಅಂತ ಊಹಿಸಿ ಲೆಕ್ಕ ಹಾಕಬೇಕು. ಗ್ಯಾಲಕ್ಸಿಯ ನಡುಭಾಗದಲ್ಲಿ ಆ ಊಹೆ ಕೈಕೊಡುತ್ತೆ. ಚಿತ್ರದ ನುಣುಪೆಲ್ಲ ಕುಂಚದ ಕೃಪೆ!

ಚಿತ್ರ ಹಾಕಿ, ಬೇಡ ಅನ್ನಲ್ಲ. ಕೆಳಗೆ "ಕಲಾವಿದರ ಕಲ್ಪನೆ" ಅಂತ ಎರಡು ಪದ ಕುಟ್ಟೋಕೆ ಏನು ಕಷ್ಟ?