ಟ್ಯಾಕೋದ ಸತ್ವ ಇರುವುದೆಲ್ಲಿ?

ಮೆಕ್ಸಿಕೋದ ಬಾರ್ಬಕೋವಾ ಟ್ಯಾಕೋದ ಪೌಷ್ಟಿಕತೆಯನ್ನು ಅಳೆಯುವವರು ಸಾಮಾನ್ಯವಾಗಿ ಮಾಂಸವನ್ನಷ್ಟೇ ತೂಗುತ್ತಾರೆ. ಆ ಲೆಕ್ಕ ಸುಳ್ಳಲ್ಲ. ಆದರೆ ಅರ್ಧ ಲೆಕ್ಕ. ಆ ತಿನಿಸಿನ ಹಿರಿದಾದ ಅರಿವು ಅಡಗಿರುವುದು ಮಾಂಸವನ್ನು ಹೊತ್ತ ಮೆಕ್ಕೆಜೋಳದ ರೊಟ್ಟಿಯಲ್ಲಿ ಎಂಬುದು ನನ್ನ ವಾದ.

ದನ ಮೆಕ್ಸಿಕೋಗೆ ಬಂದದ್ದು 16ನೆಯ ಶತಮಾನದಲ್ಲಿ, ಸ್ಪೇನಿನವರ ಹಡಗುಗಳಲ್ಲಿ. ಮಧ್ಯ ಮೆಕ್ಸಿಕೋದಲ್ಲಿ ಕುರಿಮಾಂಸವನ್ನು ಕತ್ತಾಳೆ ಜಾತಿಯ ಎಲೆಗಳಲ್ಲಿ ಸುತ್ತಿ ನೆಲದ ಕುಳಿಯಲ್ಲಿ ಬೇಯಿಸುತ್ತಾರೆ. ಉತ್ತರದ ಕಡೆ ದನದ ತಲೆಮಾಂಸಕ್ಕೆ ಪ್ರಾಶಸ್ತ್ಯ. ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಬೆಂದಾಗ ಗಡಸು ಭಾಗಗಳ ಕೊಲಾಜೆನ್ ಜೆಲಾಟಿನ್ ಆಗಿ ಕರಗುತ್ತದೆ. ಪ್ರೋಟೀನು, ಕಬ್ಬಿಣ, ಸತು, ಬಿ12 ದೊರೆಯುತ್ತವೆ. ಜೊತೆಗೆ ಸಾಕಷ್ಟು ಕೊಬ್ಬೂ ಇರುತ್ತದೆ.

ರೊಟ್ಟಿಯ ಕಥೆ ಇದಕ್ಕಿಂತ ಬಹಳ ಹಳೆಯದು. ಮೆಕ್ಕೆಜೋಳದಲ್ಲಿರುವ ನಿಯಾಸಿನ್ ಬಹುಪಾಲು ನಮ್ಮ ದೇಹಕ್ಕೆ ದಕ್ಕದ ರೂಪದಲ್ಲಿರುತ್ತದೆ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಲು ಬಿಟ್ಟು, ತೊಳೆದು ರುಬ್ಬಿದರೆ ಅದು ಬಿಡುಗಡೆಯಾಗುತ್ತದೆ. ಸುಣ್ಣದಿಂದ ಕ್ಯಾಲ್ಸಿಯಂ ಕೂಡ ಸೇರುತ್ತದೆ. ಯಾವ ಪ್ರಯೋಗಾಲಯವೂ ಇಲ್ಲದ ಕಾಲದಲ್ಲಿ ಅಲ್ಲಿನ ಮೂಲನಿವಾಸಿಗಳು ಈ ವಿಧಾನವನ್ನು ರೂಢಿಸಿಕೊಂಡಿದ್ದರು.

ಮೆಕ್ಕೆಜೋಳ ಕಡಲು ದಾಟಿತು, ಸುಣ್ಣದ ವಿದ್ಯೆ ದಾಟಲಿಲ್ಲ. ಸ್ಪೇನ್ ಮತ್ತು ಉತ್ತರ ಇಟಲಿಯಲ್ಲಿ ಮೆಕ್ಕೆಜೋಳವನ್ನೇ ನಂಬಿದ ಬಡವರನ್ನು ಪೆಲಾಗ್ರಾ ಎಂಬ ರೋಗ ಕಾಡಿತು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿಯೂ ಅದು ಹಬ್ಬಿದಾಗ, ಇದು ಸೋಂಕಲ್ಲ, ಆಹಾರದ ಕೊರತೆ ಎಂದು ತೋರಿಸಿಕೊಟ್ಟವರು ಜೋಸೆಫ್ ಗೋಲ್ಡ್‌ಬರ್ಗರ್.

ಈ ಪಾಠ ನಮಗೂ ದೂರದ್ದಲ್ಲ. ದಖ್ಖನಿನಲ್ಲಿ ಬಹುತೇಕ ಬಿಳಿಜೋಳವನ್ನೇ ಉಂಡು ಬದುಕಿದ ಬಡವರಲ್ಲಿ ಪೆಲಾಗ್ರಾ ಇರುವುದನ್ನು ಹೈದರಾಬಾದಿನ ವಿಜ್ಞಾನಿಗಳಾದ ಗೋಪಾಲನ್ ಮತ್ತು ಶ್ರೀಕಾಂತಿಯ 1960ರಲ್ಲಿ ವರದಿ ಮಾಡಿದರು. ತಪ್ಪು ರೊಟ್ಟಿಯದಲ್ಲ, ಪಕ್ಕದಲ್ಲಿ ಬೇಳೆ, ಕಾಳುಪಲ್ಯ, ಮಜ್ಜಿಗೆ ಇಲ್ಲದ ಬಡತನದ್ದು. ಮೆಕ್ಸಿಕೋದಲ್ಲಿಯೂ ಮಾಂಸ ಸಿಗದ ದಿನಗಳಲ್ಲಿ ರೊಟ್ಟಿಯ ಕೊರತೆಯನ್ನು ತುಂಬಿದ್ದು ಹುರುಳಿಕಾಯಿ ಜಾತಿಯ ಕಾಳುಗಳೇ. ಆದ್ದರಿಂದ ಗೋಮಾಂಸ ತಿನ್ನದವರಿಗೂ ಈ ಊಟದಲ್ಲಿ ಕಲಿಯುವುದಿದೆ.

ಊರು ಬಿಟ್ಟು ಬಂದ ನಾವು ಜೋಳದ ಹಿಟ್ಟನ್ನು ಹೇಗೋ ಹುಡುಕಿ ತರುತ್ತೇವೆ. ಪಕ್ಕದ ಪಲ್ಯ, ಕಾಳು, ಸೊಪ್ಪುಗಳನ್ನು ಅವಸರದಲ್ಲಿ ಕೈಬಿಡುತ್ತೇವೆ. ನಗರದ ಹೋಟೆಲುಗಳೂ ಮೈದಾ ರೊಟ್ಟಿಗೆ ಚೀಸ್ ಸುರಿದು ಟ್ಯಾಕೋ ಎನ್ನುವುದುಂಟು. ಎರಡೂ ಕಡೆ ಹೆಸರು ಉಳಿದು ಕ್ರಮ ಕಳೆದಿದೆ. ಪೌಷ್ಟಿಕತೆಯ ಪಟ್ಟಿಯನ್ನು ಓದುವ ಮೊದಲು, ಆ ಧಾನ್ಯವನ್ನು ಹೇಗೆ ಹದಗೊಳಿಸಿದರು, ಯಾವುದರೊಂದಿಗೆ ಬಡಿಸಿದರು ಎಂದು ಕೇಳುವುದು ಒಳ್ಳೆಯದು.