ಶಿವಾಜಿನಗರದ ಬಸಿಲಿಕಾವನ್ನು ನೋಡುವ ಬಗೆ

ಬೆಂಗಳೂರಿನ ರಸೆಲ್ ಮಾರ್ಕೆಟ್ಟಿಗೆ ಹೋದವರೆಲ್ಲ ಸಂತ ಮೇರಿ ಬಸಿಲಿಕಾದ ಮೊನಚು ಗೋಪುರವನ್ನು ಕಂಡಿರುತ್ತಾರೆ. ಒಳಗೆ ಕಾಲಿಡಲು ಮಾತ್ರ ಹಲವರಿಗೆ ಅಳುಕು. ಬೇರೆ ಧರ್ಮದವರನ್ನು ಬಿಡುತ್ತಾರೋ, ಹೋದರೆ ಹೇಗೆ ನಡೆದುಕೊಳ್ಳಬೇಕೋ ಎಂಬ ಸಂಕೋಚ. ಧಾರಾಳವಾಗಿ ಬಿಡುತ್ತಾರೆ. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ.

ಇಲ್ಲಿ ಮೊದಲು ಇದ್ದದ್ದು ಹುಲ್ಲು ಹೊದಿಸಿದ ಪುಟ್ಟ ಪ್ರಾರ್ಥನಾಲಯ. ಅದನ್ನು ಕಟ್ಟಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಇವರು ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹರಡಲು ದುಡಿದವರು ಎಂಬುದನ್ನೂ ನಾವು ಮರೆಯಬಾರದು. ಈಗಿನ ಗಾಥಿಕ್ ಕಟ್ಟಡ 1882ರದು. 1974ರಲ್ಲಿ ಪೋಪ್ ಆರನೇ ಪಾಲ್ ಇದಕ್ಕೆ ಬಸಿಲಿಕಾ ಪದವಿ ಕೊಟ್ಟರು.

ಒಳಗೆ ಹೋದ ಮೇಲೆ ತಲೆಯೆತ್ತಿ ಕಮಾನುಗಳನ್ನು ನೋಡಿ. ಅವು ಅರ್ಧವೃತ್ತವಲ್ಲ, ತುದಿ ಚೂಪು. ಹೀಗೆ ಕಟ್ಟಿದಾಗ ಮೇಲಿನ ಭಾರ ಅಕ್ಕಪಕ್ಕಕ್ಕೆ ಅಷ್ಟಾಗಿ ತಳ್ಳದೆ ಕಂಬಗಳ ಮೂಲಕ ನೆಲಕ್ಕಿಳಿಯುತ್ತದೆ. ಗೋಡೆಯ ಹೊರೆ ತಗ್ಗುವುದರಿಂದ ಎತ್ತರದ ಕಿಟಕಿ ತೆರೆಯಬಹುದು, ಅದಕ್ಕೆ ಬಣ್ಣದ ಗಾಜು ಕೂಡಿಸಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಗಾಜುಗಳನ್ನು ಬಿಚ್ಚಿ ಜೋಪಾನ ಮಾಡಿ, 1947ರಲ್ಲಿ ಮತ್ತೆ ಕೂಡಿಸಿದರು.

ಕಟ್ಟಡದ ಶೈಲಿ ಯುರೋಪಿನದು, ಭಕ್ತಿಯ ರೀತಿ ಅಪ್ಪಟ ನಮ್ಮದು. ಮಾತೆ ಮರಿಯಮ್ಮನ ಪ್ರತಿಮೆಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಆಕೆಯ ಹಬ್ಬಕ್ಕೆ ಧ್ವಜ ಏರುತ್ತದೆ, ಒಂಬತ್ತು ದಿನ ನವೇನ ಎಂಬ ಪ್ರಾರ್ಥನೆ ನಡೆಯುತ್ತದೆ, ಕಾವಿ ತೊಟ್ಟ ಭಕ್ತರು ನಡೆದು ಬರುತ್ತಾರೆ, ಕೊನೆಗೆ ತೇರು ಬೀದಿಗಿಳಿಯುತ್ತದೆ. ಊರಹಬ್ಬ ಕಂಡ ಯಾರಿಗೂ ಇದು ಹೊಸದೆನಿಸದು. ನನ್ನ ಮಟ್ಟಿಗೆ ಈ ಚರ್ಚಿನ ದೊಡ್ಡತನ ಗೋಪುರದಲ್ಲಿಲ್ಲ, ಈ ಬೆರಕೆಯಲ್ಲಿದೆ.

ಇದು ವಸ್ತುಸಂಗ್ರಹಾಲಯವಲ್ಲ, ಜನ ಮದುವೆಯಾಗುವ, ಮಗುವಿಗೆ ದೀಕ್ಷಾಸ್ನಾನ ಕೊಡಿಸುವ, ಸತ್ತವರಿಗಾಗಿ ಪ್ರಾರ್ಥಿಸುವ ಧರ್ಮಕೇಂದ್ರ. ಹಾಗಾಗಿ ಬಲಿಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ, ಎಲ್ಲರೂ ಎದ್ದಾಗ ಏಳಿ. ಪರಮಪ್ರಸಾದ ಸ್ವೀಕರಿಸುವವರು ಕಥೋಲಿಕರು ಮಾತ್ರ, ಆ ಸಾಲಿಗೆ ಸೇರಬೇಡಿ. ಮೊಣಕಾಲೂರಿ ಅಳುತ್ತಿರುವವರತ್ತ ಮೊಬೈಲ್ ತಿರುಗಿಸಬೇಡಿ. ಕಟ್ಟಡವನ್ನು ಸಾವಕಾಶವಾಗಿ ನೋಡಬೇಕೆಂದರೆ ಹಬ್ಬದ ನೂಕುನುಗ್ಗಲು ಬಿಟ್ಟು, ವಾರದ ಮಧ್ಯದ ಒಂದು ದಿನ, ಪೂಜೆಯ ವೇಳೆ ತಪ್ಪಿಸಿ ಹೋಗಿ.