ಪಾಠ ಹೇಳಲು ಹೋದವರ ರಕ್ತ ಯಾಕೆ?

ದಕ್ಷಿಣ ಕೊರಿಯಾದ ಉಲ್ಸಾನ್ ನಗರದ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನ್ಯೂಜಿಲೆಂಡಿನ ಶಿಕ್ಷಕಿಯೊಬ್ಬರು 2009ರಲ್ಲಿ ಮತ್ತೊಮ್ಮೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಲಿಲ್ಲ. ಕೆಲಸಕ್ಕೆ ಸೇರುವಾಗ ಮಾಡಿಸಿಕೊಂಡಿದ್ದರು, ಏನೂ ಇರಲಿಲ್ಲ. ಇಷ್ಟಕ್ಕೇ ಗುತ್ತಿಗೆ ಮುಂದುವರಿಯಲಿಲ್ಲ. ಅದೇ ಶಾಲೆಯ ಕೊರಿಯನ್ ಶಿಕ್ಷಕರ ರಕ್ತವನ್ನು ಯಾರೂ ಕೇಳಿರಲಿಲ್ಲ. ವಿದೇಶಿ ಪಾಸ್‌ಪೋರ್ಟ್ ಇದ್ದರೂ ಮೂಲ ಕೊರಿಯಾದ್ದಾದರೆ ವಿನಾಯಿತಿ. ವೈರಸ್ಸು ಕುಲಗೋತ್ರ ನೋಡಿ ಬರುತ್ತದೆಯೇ?

ಈ ನಿಯಮ ಹುಟ್ಟಿದ್ದು ಭಯದಿಂದ. 2007ರ ಅಕ್ಟೋಬರಿನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಕೆನಡಾದವನೊಬ್ಬ ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದ. ಅವನು ಕೊರಿಯಾದಲ್ಲೂ ಪಾಠ ಮಾಡಿದ್ದ. ಗುಲ್ಲೆದ್ದಿತು. ಸರಕಾರ ಇ-2 ವೀಸಾದ ಮೇಲೆ ಬರುವ ವಿದೇಶಿ ಶಿಕ್ಷಕರಿಗೆಲ್ಲ ಅಪರಾಧ ದಾಖಲೆಯ ತಪಾಸಣೆ, ಮಾದಕವಸ್ತು ಪರೀಕ್ಷೆ, ಎಚ್‌ಐವಿ ಪರೀಕ್ಷೆ ಮೂರನ್ನೂ ಕಡ್ಡಾಯ ಮಾಡಿತು. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಮಕ್ಕಳ ನಡುವೆ ಇರುವವರ ಪೂರ್ವಾಪರ ವಿಚಾರಿಸಲೇಬೇಕು. ಆದರೆ ಆ ಪ್ರಕರಣಕ್ಕೂ ಎಚ್‌ಐವಿಗೂ ಎತ್ತಣ ನಂಟು? ವಿದೇಶಿ ಶಿಕ್ಷಕರ ಮೌಲ್ಯ, ನೈತಿಕತೆ ತಿಳಿಯಲು ಈ ಪರೀಕ್ಷೆ ಎಂದು ಕೆಲಸ ಕೊಟ್ಟವರೇ ತಮಗೆ ಹೇಳಿದರೆಂದು ಶಿಕ್ಷಕಿ ವಿಶ್ವಸಂಸ್ಥೆಗೆ ದೂರಿದರು. ರಕ್ತದಲ್ಲಿ ನಡತೆ ಹುಡುಕುವ ಈ ಲ್ಯಾಬು ಎಲ್ಲಿದೆಯೋ ಗೊತ್ತಿಲ್ಲ.

2015ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿ ಅವರ ಪರ ನಿಂತಿತು. 2017ರಲ್ಲಿ ಕೊರಿಯಾ ಎಚ್‌ಐವಿ ಪರೀಕ್ಷೆ ಕೈಬಿಟ್ಟಿತು. 2019ರಲ್ಲಿ ಸೋಲ್‌ನ ನ್ಯಾಯಾಲಯ 3 ಕೋಟಿ ವಾನ್ ಪರಿಹಾರ ಕೊಡಿಸಿತು. ಅನ್ಯಾಯ ಒಪ್ಪಿಕೊಳ್ಳಲು ಹತ್ತು ವರ್ಷ!

'ಅವರ ದೇಶ, ಅವರ ಕಾನೂನು, ಒಗ್ಗದವರು ಹೋಗಬೇಡಿ' ಎನ್ನುವವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಮನೆ ಬಾಡಿಗೆಗೆ ಹಿಡಿದು, ಊರಿನ ಸಾಲ ತಲೆಮೇಲಿಟ್ಟುಕೊಂಡು ಹೋದವರ ಮುಂದೆ ವಾಸದ ಪರವಾನಗಿ ಆಡಿಸುತ್ತ ತೋಳು ಚಾಚಿ ಎಂದರೆ ಬೇಡ ಎನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು? ಕ್ಷಯದ ಮಾತು ಬೇರೆ. ಅದು ಗಾಳಿಯಲ್ಲಿ ಹರಡುವ ರೋಗ, ತರಗತಿಯಲ್ಲಿ ಅಪಾಯವೇ. ಎಕ್ಸ್‌ರೇ ತೆಗೆಯಲಿ, ಆದರೆ ಶಾಲೆಯ ಹೆಡ್‌ಮಾಸ್ಟರಿಂದ ಹಿಡಿದು ಎಲ್ಲರದ್ದೂ ತೆಗೆಯಲಿ.

ನಾವೂ ಸಾಚಾಗಳಲ್ಲ. 1980ರ ದಶಕದಲ್ಲಿ ಭಾರತ ಆಫ್ರಿಕಾದ ವಿದ್ಯಾರ್ಥಿಗಳನ್ನು ಇದೇ ಪರೀಕ್ಷೆಗೆ ನಿಲ್ಲಿಸಿತ್ತು. ಈಗ, 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ, ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಆದರೆ ಮಂಗಳೂರು, ಉಡುಪಿಯಿಂದ ಗಲ್ಫಿನ ಇಂಡಿಯನ್ ಸ್ಕೂಲುಗಳಿಗೆ ಹೋಗುವ ಟೀಚರುಗಳನ್ನು ಈ ಕಾಯ್ದೆ ಕಾಯುವುದಿಲ್ಲ. ಅಲ್ಲಿ 'ಮೆಡಿಕಲ್' ಪಾಸಾಗದೆ ವಾಸದ ಪರವಾನಗಿಯಿಲ್ಲ. ಎಚ್‌ಐವಿ ಕಂಡರೆ ಚಿಕಿತ್ಸೆಗಿಂತ ಮೊದಲು ಊರಿನ ಟಿಕೆಟ್. ಗಲ್ಫ್ ದೊರೆಗಳೊಡನೆ ವ್ಯಾಪಾರದ ಮಾತುಕತೆಗೆ ಕೂರುವ ನಮ್ಮ ಮಂತ್ರಿಗಳು ಈ ಷರತ್ತನ್ನೂ ಪ್ರಶ್ನಿಸಲಿ. ಅಲ್ಲಿಂದ ಬರುವ ಹಣದ ಲೆಕ್ಕವನ್ನು ಪ್ರತಿ ವರ್ಷ ಹೆಮ್ಮೆಯಿಂದ ಒಪ್ಪಿಸುವವರು ಅವರೇ ಅಲ್ಲವೇ?